ಎಂಜಿನ್ನಿಗೆ ಹಾರ ಹಾಕಿದ್ದು

ಕಾರಿನ ಬಾನೆಟ್ ಎತ್ತಿ ಅಂಗಳದಲ್ಲಿ ನಿಲ್ಲಿಸಿ ನೋಡಿ, ಆಲೆಮನೆಯ ಕೊಪ್ಪರಿಗೆಗೆ ನೊಣ ಬಂದ ಹಾಗೆ ಗಂಡಸರು ಬಂದು ಸೇರುತ್ತಾರೆ. ಡೈರಿಗೆ ಹಾಲು ಹಾಕಲು ಹೊರಟವನು ಕ್ಯಾನು ಕೆಳಗಿಡುತ್ತಾನೆ. ಮೇಷ್ಟರು ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಾರೆ. ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಂಡು, ಬಾವಿಗೆ ಬಿದ್ದ ಚೊಂಬನ್ನು ಹುಡುಕುವವರ ಹಾಗೆ ಒಳಗೆ ಬಗ್ಗಿ ನೋಡುತ್ತಾರೆ. ಆಮೇಲೆ ಒಬ್ಬ, "ಇದು ಕಾರ್ಬೊರೇಟರ್ ಪ್ರಾಬ್ಲಮ್ಮೇ ಕಣ್ಲಾ" ಅನ್ನುತ್ತಾನೆ. ಆ ಕಾರಿಗೆ ಕಾರ್ಬೊರೇಟರೇ ಇರುವುದಿಲ್ಲ. ಒಬ್ಬನೂ ಸ್ಪಾನರ್ ಮುಟ್ಟುವುದಿಲ್ಲ, ಎಲ್ಲರೂ ಕಾಫಿ ಕುಡಿದು ಹೋಗುತ್ತಾರೆ. ಆ ಕಾಫಿ ಕಾಸಿದವಳು ನಾನು. ಆದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ.

ಸೋಮನಹಳ್ಳಿಯಲ್ಲಿ ಹೆದ್ದಾರಿಗೆ ಹತ್ತಿರ ನಮ್ಮಪ್ಪನ ಮನೆ. ಅದರ ಅಂಗಳವೇ ನನ್ನ ಅಂಗಡಿ. ಮನೆ ಕಟ್ಟುವವರಿಗೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುತ್ತೇನೆ: ಮೋಲ್ಡ್ ಹಾಕಲು ತಗಡು, ಅದಕ್ಕೆ ಆಸರೆ ನಿಲ್ಲಿಸುವ ಕಬ್ಬಿಣದ ಜಾಕಿ, ಪೈಪು, ಭಾರ ಎತ್ತುವ ಚೈನ್ ಬ್ಲಾಕು. ಕೆಲಸ ಬಿಟ್ಟು ಓಡಿಹೋದ ಒಬ್ಬ ಕಂಟ್ರಾಕ್ಟರನ ತುಕ್ಕು ಹಿಡಿದ ತಗಡುಗಳನ್ನು ಕೊಂಡು ಶುರು ಮಾಡಿದವಳು ನಾನು. ಈಗ ಮಳವಳ್ಳಿಯ ತನಕ ನನ್ನ ಸಾಮಾನು ಹೋಗುತ್ತದೆ. ಯಾರೂ ಕಲಿಸಲಿಲ್ಲ. ಕಬ್ಬಿಣ ತಟ್ಟಿದರೆ ಅದರ ಸದ್ದಿನಲ್ಲೇ ಬಿರುಕು ಗೊತ್ತಾಗುತ್ತದೆ. ಗಂಡಸರನ್ನು ತಟ್ಟುವುದೂ ಬೇಕಾಗಿಲ್ಲ, ಅವರೇ ಸದ್ದು ಮಾಡುತ್ತಾರೆ.

ಸದ್ದು ಮಾಡುವವರಲ್ಲಿ ನನ್ನ ತಮ್ಮನೇ ಮೊದಲನೆಯವನು. ಅಪ್ಪ ಅವ್ವ ಹೋದ ಮೇಲೆ ಅವನನ್ನು ಒಂದು ದಡ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಊರ ಹತ್ತಿರದ ಪ್ಲಾಸ್ಟಿಕ್ ಡಬ್ಬಿ ಕಾರ್ಖಾನೆಯಲ್ಲಿ ಅವನಿಗೆ ಷಿಫ್ಟ್ ಕೆಲಸ. ದುಡಿದದ್ದನ್ನೆಲ್ಲ ಒಂದು ಕಾರಿಗೆ ಸುರಿದಿದ್ದ. ಹಿಂದೆ ಡಿಕ್ಕಿಯಿಲ್ಲದ, ಗುಬ್ಬಿ ಗಾತ್ರದ ಕಾರು. ಅದರ ಸ್ಪ್ರಿಂಗ್ ಕತ್ತರಿಸಿ ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಇಳಿಸಿದ್ದ. ಅಗಲವಾದ ಚಕ್ರ ಹಾಕಿಸಿದ್ದ. ಹೊಗೆ ಕೊಳವೆಯನ್ನು ಬಿಂದಿಗೆ ಬಾಯಷ್ಟು ದಪ್ಪ ಮಾಡಿಸಿದ್ದ. ರಸ್ತೆಯಲ್ಲಿ ಹಂಪ್ ಬಂದರೆ ಆ ಕಾರು ನೇರವಾಗಿ ಹತ್ತುತ್ತಿರಲಿಲ್ಲ, ಏಡಿಯ ಹಾಗೆ ಓರೆಯಾಗಿ ಒಂದೊಂದು ಕಾಲು ಎತ್ತಿಟ್ಟು ದಾಟಬೇಕು. ಹಿಂದೆ ಬಂದ ಕಬ್ಬಿನ ಟ್ರ್ಯಾಕ್ಟರ್ ಅದನ್ನು ಹಿಂದೆ ಹಾಕಿ ಹೋಗುತ್ತಿತ್ತು. ಇದಕ್ಕೆ ಅವನು 'ಪರ್ಫಾರ್ಮೆನ್ಸ್' ಅನ್ನುತ್ತಿದ್ದ.

ಒಂದು ದಿನ ಮಂಡ್ಯದಿಂದ ಬರುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿದ್ದನ್ನು ನೋಡಿಯೂ ನೋಡದವನ ಹಾಗೆ ಆಕ್ಸಿಲರೇಟರ್ ಒತ್ತಿದ. ಎಂಜಿನ್ ಒಳಗಿನ ಒಂದು ರಾಡು ಮುರಿದು, ಪಕ್ಕದ ಗೋಡೆ ಒಡೆದು, ಹೊರಗೆ ಇಣುಕಿತು. ಕಾರನ್ನು ಹಗ್ಗ ಕಟ್ಟಿ ಎಳೆತಂದು ನನ್ನ ತಗಡಿನ ರಾಶಿಯ ಪಕ್ಕ ನಿಲ್ಲಿಸಿದ.

"ಮಾರ್ ಬುಡ್ಲಾ, ಗುಜರಿಗೆ" ಅಂದೆ.

"ಏ, ಬೇರೆ ಎಂಜಿನ್ ಕೂರುಸ್ತೀನಿ ಕಣಕ್ಕ. ಇದ್ಕಿಂತ ದೊಡ್ದು. ಮನೇಲೇ ಮಾಡ್ತೀನಿ."

"ನೀನಾ? ಮಿಕ್ಸಿ ಜಾರಿಗೆ ವಾಷರ್ ಆಕ್ಲಾ ಅಂದ್ರೆ ನಾಕ್ ದಿನ ತಕಂಡೋನು."

"ವಿಡಿಯೋಲಿ ಎಲ್ಲಾ ಐತೆ, ಬುಡಕ್ಕ."

ವಿಡಿಯೋದಲ್ಲಿ ಎಲ್ಲ ಇದೆ. ವಿಡಿಯೋದಲ್ಲಿ ಬೋಲ್ಟ್ ತುಕ್ಕು ಹಿಡಿದಿರುವುದಿಲ್ಲ, ಕರೆಂಟು ಹೋಗುವುದಿಲ್ಲ, ಹತ್ತು ನಂಬರಿನ ಸ್ಪಾನರನ್ನು ನೆರೆಯವನು ಇಸಕೊಂಡು ಹೋಗಿರುವುದಿಲ್ಲ. ವಿಡಿಯೋ ನೋಡಿ ಈಜು ಕಲಿತವನ ಹೆಣವನ್ನು ವಿ.ಸಿ. ನಾಲೆಯಲ್ಲಿ ಹುಡುಕಬೇಕಾಗುತ್ತದೆ.

ಆದರೂ ನಾನು ಒಪ್ಪಿದೆ. ಕಾರಣ ಕಾರಲ್ಲ, ಮದುವೆ. ನಮ್ಮ ಕಡೆ ಗಂಡಿಗೆ ಹೆಣ್ಣು ಸಿಗದ ಕಾಲ ಇದು. ತೋಟ ಇದ್ದರೆ ತೋಟ ಯಾಕೆ ಅನ್ನುತ್ತಾರೆ, ಕಾರ್ಖಾನೆ ಅಂದರೆ ಪರ್ಮನೆಂಟಾ ಅನ್ನುತ್ತಾರೆ. ಅವನ ತಲೆಯಲ್ಲಿ ಬಿಳಿಕೂದಲು ಬಂದಿತ್ತು, ಬಂದ ಸಂಬಂಧಗಳೆಲ್ಲ ಅಂಗಳದಿಂದಲೇ ವಾಪಸಾಗಿದ್ದವು. ಕೊನೆಗೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ ಒಂದು ಒಳ್ಳೆಯ ಮನೆಯ ಹೆಣ್ಣು ಕೂಡಿ ಬರುವ ಹಾಗೆ ಕಂಡಿತು. ಮಧ್ಯಸ್ಥಿಕೆಯವನು ಹುಡುಗಿಯ ಮನೆಯಲ್ಲಿ, "ಉಡ್ಗನ್ಗೆ ಸ್ವಂತ ಕಾರೈತೆ, ಎಂಜಿನ್ ಕೆಲ್ಸ ಬೆರಳ ತುದೀಲೈತೆ" ಎಂದು ಬಿಟ್ಟಿದ್ದ. ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ಭಾನುವಾರದೊಳಗೆ ಆ ಕಾರು ಒಂದೋ ಓಡಬೇಕು, ಇಲ್ಲವೇ ಕಣ್ಣಿಗೆ ಬೀಳಬಾರದು. ಮಾರುವುದಕ್ಕೆ ಅವನು ಬಿಡಲಿಲ್ಲ. ಹಾಗಾಗಿ ಓಡಿಸುವುದೊಂದೇ ದಾರಿ ಉಳಿಯಿತು.

ಎಂಜಿನ್ ತರಲು ಮಂಡ್ಯದ ಗುಜರಿಗೆ ನಾನೇ ಹೋದೆ. ಅವನನ್ನು ಒಬ್ಬನನ್ನೇ ಕಳಿಸಿದ್ದರೆ ಗುಜರಿಯವನು ಅವನಿಗೆ ಗುಜರಿಯನ್ನೇ ಮಾರುತ್ತಿದ್ದ. ಅದೇ ಕಂಪನಿಯ ದೊಡ್ಡ ಕಾರೊಂದು ಹಿಂದಿನಿಂದ ಗುದ್ದಿಸಿಕೊಂಡು ಬಂದು ಬಿದ್ದಿತ್ತು. ಹಿಂದಿನಿಂದ ಪೆಟ್ಟು ತಿಂದ ಕಾರಿನ ಎಂಜಿನ್ ತೆಗೆದುಕೊಳ್ಳಿ, ಮುಂದಿನಿಂದ ತಿಂದದ್ದು ಪುಕ್ಕಟೆ ಕೊಟ್ಟರೂ ಬೇಡ. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಭಾಗ ನೋಡಿ. ಮಜ್ಜಿಗೆ ಬಣ್ಣದ ಕೆನೆ ಇದ್ದರೆ ನೀರು ಸೇರಿದೆ ಎಂದು ಅರ್ಥ, ಮಾತಾಡದೆ ಬಂದುಬಿಡಿ. ಮುಖ್ಯವಾಗಿ, ಮೆಚ್ಚಿದ್ದನ್ನು ಬಾಯಲ್ಲಿ ಹೇಳಬೇಡಿ. ನನ್ನ ತಮ್ಮ ಆ ಎಂಜಿನ್ ಕಂಡ ತಕ್ಷಣ, "ಅಕ್ಕಾ, ಇದೇ ಕಣಕ್ಕ, ಸೂಪರ್!" ಎಂದು ಕುಣಿದ. ಗುಜರಿಯವನ ಮುಖ ಅರಳಿತು. "ಇವನಿಗೆ ತಲೆ ಸರಿಯಿಲ್ಲ, ಡಾಕ್ಟ್ರತ್ರ ತೋರಿಸ್ತಾ ಇದ್ದೀವಿ" ಎಂದು ಹೇಳಿ ನಾನು ಗೇಟಿನವರೆಗೆ ನಡೆದು ಹೋದೆ. ಗುಜರಿಯವನೇ ಕರೆದ. ಪತ್ರ, ರಸೀತಿ, ಎಂಜಿನ್ ನಂಬರು ಎಲ್ಲ ಕೈಗೆ ಬಂದ ಮೇಲೆಯೇ ಆಟೋಗೆ ಹೇರಿಸಿದ್ದು. ಕಾರಿನ ಆರ್.ಸಿ. ಪುಸ್ತಕದಲ್ಲಿ ನಂಬರ್ ಬದಲಾಯಿಸದೆ ಓಡಿಸುವವರನ್ನು ಕಂಡಿದ್ದೇನೆ, ಅವರ ಕಾರು ಈಗ ಠಾಣೆಯ ಹಿಂದೆ ಹುಲ್ಲಿನಲ್ಲಿದೆ.

ನನ್ನ ತಮ್ಮನ ಬುದ್ಧಿಗೆ ಇನ್ನೊಂದು ಸಾಕ್ಷಿ ಕೇಳಿ. ಹಳೆಯ ಎಂಜಿನ್ ಎತ್ತಲು ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಲು ಹೊರಟಿದ್ದ. ನಮ್ಮಜ್ಜನ ಕಾಲದ ತೊಲೆ, ಗೆದ್ದಲು ಕೈ ಬಿಟ್ಟರೆ ಬೀಳುವಂಥದ್ದು. ನಾನು ಬೈದು, ನನ್ನ ಮೂರು ದಪ್ಪ ಪೈಪುಗಳನ್ನು ಮುಕ್ಕಾಲಿಯಾಗಿ ಕಟ್ಟಿಸಿ, ಚೈನ್ ಬ್ಲಾಕು ತೂಗುಹಾಕಿಸಿದೆ. ಅವನ ಸ್ನೇಹಿತರು ಬಂದಿದ್ದರು. ಎಲ್ಲರ ಟೀಶರ್ಟಿನ ಮೇಲೂ ಬೆಂಕಿಯ ಚಿತ್ರ. ಚೈನ್ ಎಳೆಯಿರಿ ಎಂದರೆ ಫೋಟೋ ತೆಗೆದರು. ಎಳೆದವಳು ನಾನು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಸತ್ತ ಎಂಜಿನ್ ಮೇಲೆದ್ದು ಎಣ್ಣೆ ತೊಟ್ಟಿಕ್ಕುತ್ತಾ ತಿರುಗುತ್ತಿದ್ದಾಗ ಒಬ್ಬ, "ಮಗಾ, ರೀಲ್ಸ್‌ಗೆ ಮಾಡಾಣ ತಡಿ" ಅಂದ. ಅದರ ಕೆಳಗೇ ನಿಂತಿದ್ದ.

"ತಲೆ ಮೇಲ್ ಬಿದ್ರೆ ಅದೂ ರೀಲ್ಸ್ ಆಯ್ತದೆ, ಆಚೆ ಬಾಲೇ" ಅಂದೆ. ಆಮೇಲೆ ಆ ಸ್ನೇಹಿತರು ಬರಲಿಲ್ಲ. ಕೆಲಸ ಬೇಗ ನಡೆಯಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ತಮ್ಮ ಷಿಫ್ಟ್ ಮುಗಿಸಿ ಬಂದು, ವೈರಿಗೊಂದೊಂದು ಟೇಪ್ ಚೀಟಿ ಅಂಟಿಸಿ, ಹೊಸ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಸೇರಿಸಿ ಅದರ ಜಾಗಕ್ಕೆ ಕೂರಿಸಿದ. ಅಲ್ಲಿಗೇ ನಿಲ್ಲಿಸಿ ಕೀಲಿ ತಿರುಗಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನಿಗೆ ಹೊಳಪು ಬೇಕಿತ್ತು. ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ ಗೊಂಚಲಿಗೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಚೆನ್ನಾಗಿದ್ದ ಮ್ಯಾನಿಫೋಲ್ಡನ್ನು ಬಿಚ್ಚಿ, ಮೇಲೆ ಕನ್ನಡಿಯ ಹಾಗೆ ಹೊಳೆಯುವ ಇನ್ನೊಂದನ್ನು ತರಿಸಿದ. ಎಂಜಿನ್ನಿಗೂ ಅದಕ್ಕೂ ನಡುವೆ ಹಾಕುವ ಪ್ಯಾಕಿಂಗ್ ತಪ್ಪು ಅಳತೆಯದು ಬಂತು. ಸರಿಯಾದದ್ದು ಬರುವವರೆಗೆ ಎಂಜಿನ್ನಿನ ನಾಲ್ಕು ಗಾಳಿ ಬಾಯಿಗಳೂ ತೆರೆದೇ ಇದ್ದವು. ನನ್ನ ಹಳೆಯ ಸೀರೆಯ ತುಂಡೊಂದನ್ನು ಕೊಟ್ಟು, "ಮುಚ್ಲಾ, ಇಲಿ ಗಿಲಿ ಒಳಕ್ಕೋದಾತು" ಅಂದೆ. ಮುಚ್ಚಿದ.

ಪ್ಯಾಕಿಂಗ್ ಬಂದದ್ದು ಶನಿವಾರ ಸಂಜೆ. ಹೆಣ್ಣಿನ ಕಡೆಯವರು ಬರುವುದು ಮುಂದಿನ ಭಾನುವಾರ ಎಂದು ನಾವು ನಿಶ್ಚಿಂತೆಯಲ್ಲಿದ್ದೆವು. ಮರುದಿನ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿರುವಾಗ ಫೋನ್ ಬಂತು. ಹುಡುಗಿಯ ಸೋದರಮಾವ.

"ಮುಂದಿನ್ ಭಾನ್ವಾರ ಅಮಾಸೆ ಬಂದೈತಲ್ಲವ್ವ, ಅದ್ಕೆ ಇವತ್ತೇ ಒಂಟ್ಬುಟ್ಟೊ. ದೊಡ್ಡಿ ದಾಟಿದ್ದೀವಿ."

ದೊಡ್ಡಿ ದಾಟಿದರೆ ಮದ್ದೂರು, ಮದ್ದೂರು ದಾಟಿದರೆ ನಾವು. ಅಂಗಳದಲ್ಲಿ ಬಾನೆಟ್ ಇಲ್ಲದ ಕಾರು, ಅದರ ಮೇಲೆ ಗಲ್ಲುಗಂಬದ ಹಾಗೆ ಮುಕ್ಕಾಲಿ, ಸುತ್ತ ಎಣ್ಣೆ, ನಡುವೆ ಗ್ರೀಸ್ ಮೆತ್ತಿಕೊಂಡ ಮದುವೆ ಗಂಡು. ಅವನು ಅಳುವುದೊಂದು ಬಾಕಿ.

"ಟಾರ್ಪಾಲ್ ಮುಚ್ಬುಡಾಣ್ವಾ ಅಕ್ಕ?"

"ಮುಚ್ಚಿದ್ರೆ ಮದ್ಲು ಅದ್ನೇ ಎತ್ತಿ ನೋಡ್ತಾರೆ. ಮೋರಿಲಿ ಮುಖ ತೊಳ್ಕಂಡ್ ಬಾ, ಪಂಚೆ ಉಟ್ಕ. ಇವತ್ತು ನಿನ್ ಎಂಜಿನ್ನಿಗೆ ಪೂಜೆ."

ವ್ಯಾಪಾರದಲ್ಲಿ ಇದನ್ನು ಕಲಿತಿದ್ದೇನೆ, ನೀವೂ ಕಲಿಯಿರಿ. ಬಚ್ಚಿಡಲಾಗದ ಸಾಮಾನಿಗೆ ಹಾರ ಹಾಕಬೇಕು. ಮುರಿದ ಗೋಡೆ ಕಂಡರೆ ಜನ ಮುರಿದಿದೆ ಅನ್ನುತ್ತಾರೆ. ಅದಕ್ಕೇ ಮಾವಿನೆಲೆ ಕಟ್ಟಿದ್ದರೆ ಮನೆ ಕಟ್ಟಿಸುತ್ತಿದ್ದಾರೆ ಅನ್ನುತ್ತಾರೆ. ಮುಕ್ಕಾಲಿಗೆ ಮಾವಿನೆಲೆ ಕಟ್ಟಿದೆ. ಚೈನಿಗೆ ಸೇವಂತಿಗೆ ಸುತ್ತಿದೆ. ಎಣ್ಣೆ ಚೆಲ್ಲಿದ ಕಡೆ ಮಣ್ಣು ಹರಡಿ ರಂಗೋಲಿ ಎಳೆದೆ. ಅರಿಶಿನ ಕಲಸಿದ ಅಕ್ಷತೆ ತಟ್ಟೆಯಲ್ಲಿಟ್ಟು ಉಸಿರು ಬಿಡುವಷ್ಟರಲ್ಲಿ ಜೀಪು ಬಂತು.

ನಾಲ್ಕು ಜನ ಇಳಿದರು. ಹುಡುಗಿಯ ತಂದೆ ಮಾತಾಡದವರು, ಅವರ ಹೆಂಡತಿ ಅವರಿಗಿಂತ ಕಡಿಮೆ ಮಾತಿನವರು. ಒಬ್ಬ ಚಿಕ್ಕಪ್ಪ, ಬಂದವರೇ ನಿದ್ದೆ ಮಾಡಲು ಕಂಬ ಹುಡುಕಿದರು. ಇವರೆಲ್ಲರ ಪಾಲಿನ ಮಾತನ್ನೂ ಆ ಸೋದರಮಾವನೇ ಆಡುತ್ತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು. ಅವನಿಗೊಂದು ಟ್ರ್ಯಾಕ್ಟರ್ ಇತ್ತಂತೆ, ಆದ್ದರಿಂದ ಜಗತ್ತಿನ ಸಕಲ ಎಂಜಿನ್ನುಗಳೂ ಅವನಿಗೆ ಗೊತ್ತಿದ್ದವು.

"ಓಹೋ, ಪೂಜೆ ಮಡಿಕಂಡಿದ್ದೀರಾ!" ಎಂದು ಅವನು ಹಿಗ್ಗಿದ. ನನ್ನ ಲೆಕ್ಕ ತಪ್ಪಿರಲಿಲ್ಲ.

ತಪ್ಪಿದ್ದು ನನ್ನ ತಮ್ಮನ ಲೆಕ್ಕ. ಕಾಯಿ ಒಡೆದು, ಮಂಗಳಾರತಿ ಎತ್ತಿ ಆಯಿತು. ಅಷ್ಟಕ್ಕೆ ಬಿಡಬೇಕೋ ಬೇಡವೋ? ಒಳಗಿನ ಹೊಳಪು ತೋರಿಸುವ ಆಸೆಗೆ, "ನೋಡಿ ಮಾವ, ಒಳ್ಗೆ ಎಂಗೈತೆ, ಕಾರ್ಬನ್ನೇ ಇಲ್ಲ" ಎಂದು ನನ್ನ ಸೀರೆ ತುಂಡನ್ನು ಎಳೆದು ಹಾಕಿದ. ಸೋದರಮಾವ ಬಗ್ಗಿ ನೋಡಿದ, ತಲೆಯಾಡಿಸಿದ, ಏನು ಕಂಡನೋ ಅವನಿಗೇ ಗೊತ್ತು. ಆಮೇಲೆ ತಿರುಗಿ, "ಎಲ್ಲಾ ಒಂದೊಂದ್ ಕಾಳು ಅಕ್ಸತೆ ಆಕಿ, ಸುಭವಾಗ್ಲಿ" ಎಂದು ತಟ್ಟೆ ಎತ್ತಿಕೊಂಡ. ಒಂದೊಂದು ಕಾಳಂತೆ! ಧಾರೆಯ ಮಂಟಪದಲ್ಲಿ ಎಸೆಯುವ ಹಾಗೆ ಹಿಡಿ ಹಿಡಿಯಾಗಿ ಎಸೆದರು. ಹುಡುಗಿಯ ತಾಯಿ ಮಾತ್ರ ಹತ್ತಿರ ಹೋಗಿ, ಮಗುವಿನ ನೆತ್ತಿಗೆ ಹಾಕುವ ಹಾಗೆ, ಎಂಜಿನ್ನಿನ ನಡು ಭಾಗಕ್ಕೆ ಮೆಲ್ಲಗೆ ಸುರಿದರು. ನನ್ನ ತಮ್ಮ ಕೈ ಮುಗಿದು ಕಣ್ಣು ಮುಚ್ಚಿ ನಿಂತಿದ್ದ. ನಾನು ಉಪ್ಪಿಟ್ಟು ತಳ ಹಿಡಿಯಿತೆಂದು ಒಳಗೆ ಓಡಿದ್ದೆ.

ಅವರು ತಿಂಡಿ ತಿನ್ನುವಷ್ಟರಲ್ಲಿ ನನ್ನ ತಮ್ಮ ಎಂಜಿನ್ನಿನ ಮೇಲಿದ್ದ ಹೂವು ಅಕ್ಷತೆ ಗುಡಿಸಿ, ಪ್ಯಾಕಿಂಗ್ ಇಟ್ಟು, ಹೊಳೆಯುವ ಮ್ಯಾನಿಫೋಲ್ಡ್ ಬಿಗಿದ. ಯಾರೂ ಅವನನ್ನು ಸ್ಟಾರ್ಟ್ ಮಾಡು ಎಂದು ಕೇಳಿರಲಿಲ್ಲ. ಆದರೆ ಸೋದರಮಾವ ಕೈ ತೊಳೆದು ಬಂದು, "ಪೂಜೆ ಮಾಡಿದ್ ಗಾಡಿ ಸ್ಟಾರ್ಟ್ ಮಾಡ್ದೆ ಎದ್ದೋಗಬಾರ್ದು ಕಣಪ್ಪ, ಅಪಸಕುನ" ಅಂದ. ಶಕುನದ ಮಾತು ಬಂದಿತು ಅಂದರೆ ಮುಗಿಯಿತು. ಈಗ ಆ ಎಂಜಿನ್ ಎದ್ದರೆ ಮದುವೆ, ಏಳದಿದ್ದರೆ ಜೀಪು ಬಂದ ದಾರಿ ಹಿಡಿಯುತ್ತದೆ. ಚಿಕ್ಕಪ್ಪ ಕೂಡ ಎಚ್ಚರವಾದರು.

ತಮ್ಮ ಕೀಲಿ ತಿರುಗಿಸಿದ. ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದ. ಮ್ಯಾನಿಫೋಲ್ಡಿನ ಬಾಯಿಂದ 'ಠಪ್' ಎಂದು ಪಟಾಕಿಯ ಹಾಗೆ ಸಿಡಿಯಿತು, ಹುಡುಗಿಯ ತಂದೆ ಒಂದು ಹೆಜ್ಜೆ ಹಿಂದೆ ಸರಿದರು. ಮೂರನೆಯ ಸಲ ಹತ್ತಿಕೊಂಡಿತು. ಆದರೆ ಅದು ಓಡುವ ರೀತಿಯೇ? ಇಡೀ ಕಾರು ಚಳಿಜ್ವರ ಬಂದ ಹಾಗೆ ನಡುಗಿತು, ಮುಕ್ಕಾಲಿಯ ಮೇಲಿನ ಮಾವಿನೆಲೆಯೂ ಅಲ್ಲಾಡಿತು.

"ಕುಂಟ್ತಾ ಐತೆ" ಎಂದ ಸೋದರಮಾವ. "ಮೂರ್ ಕಾಲ್ ನಾಯಿ ಓಡ್ದಂಗೆ ಐತೆ. ನಾಕ್ರಲ್ಲಿ ಒಂದು ಕೆಲ್ಸ ಮಾಡ್ತಿಲ್ಲ. ಯಾರಪ್ಪ ಇದ್ನ ತಂದೋರು? ಗುಜರಿಯೋನು ಚೆನ್ನಾಗ್ ಟೋಪಿ ಆಕವ್ನೆ!"

ತಂದವಳು ನಾನು. ನನಗೆ ಟೋಪಿ ಹಾಕುವ ಗುಜರಿಯವನು ಮಂಡ್ಯ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಬಾಯಿಗೆ ಬಂದದ್ದನ್ನು ನುಂಗಿದೆ, ಮದುವೆಯ ಮಾತು ಎಂದು. ಸೋದರಮಾವ ಮಾತ್ರ ನಿಲ್ಲಿಸಲಿಲ್ಲ. ಡೀಸೆಲ್ ಟ್ರ್ಯಾಕ್ಟರಿನ ಅನುಭವವನ್ನು ಈ ಪೆಟ್ರೋಲ್ ಕಾರಿಗೆ ಧಾರೆ ಎರೆಯುತ್ತ ಹೋದ. "ನಾಜಲ್ ಬಿಚ್ಲಾ, ನಾಜಲ್ಲು" ಎಂದ. ಅವನು ಹೇಳುವ, ಡೀಸೆಲ್ ಚಿಮ್ಮಿಸುವ ನಾಜಲ್ ಅಲ್ಲಿ ಇರಲೇ ಇಲ್ಲ.

ನನ್ನ ತಮ್ಮ ಜಗಳಕ್ಕೆ ನಿಲ್ಲಲಿಲ್ಲ, ಅದೇ ನನಗೆ ಮೊದಲ ಆಶ್ಚರ್ಯ. ಪಂಚೆ ಮೇಲೆ ಕಟ್ಟಿ, ಪ್ಲಗ್ಗುಗಳನ್ನು ಬಿಚ್ಚಿದ. ಪ್ಲಗ್ಗಿನ ಒಂದೊಂದೇ ತೂತಿಗೆ ಹೆಬ್ಬೆರಳು ಒತ್ತಿಟ್ಟು, ನನಗೆ ಕೀಲಿ ತಿರುಗಿಸಲು ಹೇಳಿದ. ಒಳಗಿನ ಗಾಳಿ ಬೆರಳನ್ನು ಹೊರಕ್ಕೆ ನೂಕಬೇಕು. ಮೂರನೆಯ ತೂತಿನಲ್ಲಿ ನೂಕಲಿಲ್ಲ. ಮತ್ತೆ ಮ್ಯಾನಿಫೋಲ್ಡ್ ಬಿಚ್ಚಿ, ಟಾರ್ಚು ಬಿಟ್ಟು ಆ ಗಾಳಿ ಬಾಯೊಳಗೆ ನೋಡಿದ. ಉದ್ದ ಸ್ಕ್ರೂಡ್ರೈವರಿನ ತುದಿಗೆ ಗ್ರೀಸ್ ಹಚ್ಚಿ ಒಳಗೆ ಇಳಿಸಿ ಎತ್ತಿದ. ತುದಿಯಲ್ಲಿ ಅಂಟಿಕೊಂಡು ಬಂದದ್ದು ಹಳದಿ ಅಕ್ಕಿ ಕಾಳು. ಗಾಳಿ ಬಾಗಿಲಿಗೆ ವಾಲ್ವ್ ಅನ್ನುತ್ತಾರೆ. ಅದು ಮುಚ್ಚದ ಹಾಗೆ ಕಾಳು ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮತ್ತೆ ಇಳಿಸಿದ, ಇನ್ನೊಂದು. ಪಕ್ಕದಲ್ಲಿದ್ದ ನನಗೆ ಕಂಡಿತು.

ನನ್ನ ಎಂಜಿನ್ನಿನಲ್ಲಿ ದೋಷವಿಲ್ಲ! ಎಲ್ಲರೂ ಕೇಳುವ ಹಾಗೆ ಹೇಳಬೇಕೆಂದು ನಾನು ಬಾಯಿ ತೆರೆದೆ. ತಮ್ಮ ನನ್ನ ಕಡೆ ಒಂದೇ ಒಂದು ಸಲ ನೋಡಿ, ಕಾಳುಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಮುದುರಿಬಿಟ್ಟ.

ಅಷ್ಟರಲ್ಲಿ ಹುಡುಗಿಯ ತಾಯಿ ಹತ್ತಿರ ಬಂದು ನಿಂತಿದ್ದರು. ಅಂದು ಅವರು ಆಡಿದ ಮೊದಲ ಮಾತು ಅದೇ ಇರಬೇಕು. "ಏನಾಗಿತ್ತಪ್ಪ?"

"ಏನಿಲ್ಲ ಕಣಮ್ಮ. ವೈರು ಅದಲು ಬದಲು ಕೊಟ್ಬುಟ್ಟಿದ್ದೆ. ನಂದೇ ತಪ್ಪು" ಅಂದ.

ಹುಟ್ಟಿದಾಗಿನಿಂದ ನನ್ನ ತಮ್ಮನ ಬಾಯಲ್ಲಿ 'ನಂದೇ ತಪ್ಪು' ಎಂಬ ಮಾತು ನಾನು ಕೇಳಿರಲಿಲ್ಲ. ರಾಡು ಮುರಿದು ಹೊರಗೆ ಬಂದಾಗಲೂ ಎಣ್ಣೆ ಕಂಪನಿಯವರನ್ನೇ ಬೈದಿದ್ದವನು.

"ಅಂಗ್ ಏಳು ಮತ್ತೆ, ವೈರು!" ಎಂದ ಸೋದರಮಾವ. "ನಾನು ಆಗ್ಲೇ ಏಳ್ಲಿಲ್ವಾ?" ಅವನು ನಾಜಲ್ ಎಂದದ್ದನ್ನು ಕೇಳಿಸಿಕೊಂಡ ಕಿವಿ ಅಲ್ಲಿ ನನ್ನದೊಂದೇ ಇರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು. ಇಂಥವರು ಬದುಕುವುದೇ ಹಾಗೆ.

ಎಲ್ಲ ಬಾಯಿಗಳಿಗೂ ಪಂಪಿನಿಂದ ಗಾಳಿ ಹೊಡೆದು, ಮತ್ತೆ ಬಿಗಿದು ಕೀಲಿ ತಿರುಗಿಸಿದಾಗ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಸಮನಾಗಿ, ತುಂಬಿದ ಧ್ವನಿಯಲ್ಲಿ ಓಡಿತು. ಇವನು ಅಲ್ಲಿಗೆ ಬಿಟ್ಟನೇ? ಇಲ್ಲ. ಒತ್ತಿದ. ಆ ಬಿಂದಿಗೆ ಬಾಯಿಯ ಕೊಳವೆ ಊರು ಒಡೆಯುವ ಹಾಗೆ ಅರಚಿತು. ಪಕ್ಕದ ಮನೆಯ ಕೋಳಿಗಳು ಹೂವಿನ ಗಿಡ ಹಾರಿ ಓಡಿದವು.

ಹೊರಡುವ ಮೊದಲು ಹುಡುಗಿಯ ತಾಯಿಗೆ ಅರಿಶಿನ ಕುಂಕುಮ ಕೊಡಲು ಒಳಗೆ ಕರೆದೆ. ಅವರು ಕುಂಕುಮ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಹೊರಗಿನವರಿಗೆ ಕೇಳಿಸದ ಹಾಗೆ ಹೇಳಿದರು: "ನನ್ ಕೈಯಿಂದ್ಲೇ ತೂತೊಳಕ್ಕೆ ಉದುರ್ತು ಕಣವ್ವ. ಆಗ್ಲೇ ನೋಡ್ದೆ. ಬಾಯ್ಬುಟ್ಟು ಏಳಾಣ ಅನ್ಕಂಡೆ. ಆಮೇಲೆ, ಇರ್ಲಿ ಬುಡು, ಉಡ್ಗ ಯಾರ್ ಮೇಲ್ ಎಗರಾಡ್ತಾನೆ ನೋಡಾಣ ಅಂತ ಸುಮ್ಕಾದೆ."

ನಾನು ಅವರ ಮುಖವನ್ನೇ ನೋಡಿದೆ. ದನದ ಜಾತ್ರೆಯಲ್ಲಿ ಹೋರಿ ಕೊಳ್ಳುವವನು ಹಲ್ಲು ಎಣಿಸುವುದನ್ನು ಕಂಡಿದ್ದೇನೆ, ಬಾಲ ತಿರುಚಿ ಒದೆಯುತ್ತದೆಯೇ ಎಂದು ನೋಡುವುದನ್ನೂ ಕಂಡಿದ್ದೇನೆ. ಇಷ್ಟು ಸುಮ್ಮನೆ ನಿಂತು ಬಾಲ ತಿರುಚಿದವರನ್ನು ಕಂಡಿರಲಿಲ್ಲ. ಅಂದು ಅಂಗಳದಲ್ಲಿ ಸೇರಿದ್ದವರಲ್ಲಿ ವ್ಯಾಪಾರ ಗೊತ್ತಿದ್ದವರು ನಾವಿಬ್ಬರೇ.

"ಅವ್ನ್ಗೆ ಗೊತ್ತಾಗದು ಬ್ಯಾಡ" ಎಂದರು.

"ನಾನ್ಯಾಕ್ ಏಳ್ಲಿ. ತಲೆಗೇರ್ತದೆ" ಅಂದೆ.

ಇಬ್ಬರೂ ನಕ್ಕೆವು. ಮುಂದಿನ ಮಾತೆಲ್ಲ ಸುಲಭವಾಗಿ ಕುದುರಿತು, ಆಷಾಢ ಕಳೆದು ಮದುವೆಯೂ ಆಯಿತು.

ಮನೆಯಲ್ಲಿ ಎಂಜಿನ್ ಇಳಿಸುವವರು ಮೊದಲೇ ಒಂದು ಹಳೆಯ ಬಟ್ಟೆ ಹುಡುಕಿಟ್ಟುಕೊಳ್ಳಿ, ಯಾರು ಬಂದರೂ ಅದನ್ನು ತೆಗೆಯಬೇಡಿ ಎಂದು ಈಗ ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ನನ್ನ ತಮ್ಮನೂ ಹೇಳುತ್ತಾನೆ, ಬಾನೆಟ್ ಎತ್ತಿದಾಗ ಬಂದು ಬಗ್ಗುವ ಪ್ರತಿಯೊಬ್ಬನಿಗೂ. ಹೊಗೆ ಕೊಳವೆಯ ಮೇಲೆ ಕೈ ಸವರುತ್ತ ಅವನು ಹೇಳುವುದು ಬೇರೆ: "ಎಣ್ ಕಡೆಯೋರು ಒಪ್ಕಂಡಿದ್ದೇ ಈ ಸೌಂಡ್ ಕೇಳಿ ಕಣ್ಲಾ."

ಅವನ ಅತ್ತೆ ಬಂದಿದ್ದರೆ ಜಗುಲಿಯಲ್ಲಿ ಕುಳಿತು ಅದನ್ನು ಕೇಳುತ್ತಾರೆ. ಎಲೆಗೆ ಸುಣ್ಣ ಹಚ್ಚುತ್ತಾ ನನ್ನ ಕಡೆ ನೋಡುತ್ತಾರೆ. ನಾನು ಕಾಫಿ ಕಾಸಲು ಏಳುತ್ತೇನೆ, ಅಂಗಳದಲ್ಲಿ ನೊಣಗಳು ಮುತ್ತಿರುತ್ತವಲ್ಲ.